ಮುಖಚಿತ್ರವೂ ಮುಖಸ್ತುತಿಯೂ

ಚಿತ್ರ ಬರೆಯುವುದನ್ನು ಜೀವನೋಪಾಯಕ್ಕಾಗಿ ಕಲಿತವರು ಒಂದು ಪಂಗಡ. ಮನಸ್ಸಂತೋಷಕ್ಕಾಗಿ ಹಿಡಿದವರು ಇನ್ನೊಂದು ಪಂಗಡ. ನಾವು ಎರಡನೆಯ ಪಂಗಡಕ್ಕೆ ಸೇರಿದವರು. ಮೊದಲನೆಯವರಿಗೆ ಹಣ ಕೊಡುವವರ ಮನಸ್ಸನ್ನು ಮೆಚ್ಚಿಸಬೇಕಾದ ನಿರ್ಬಂಧವಿರುವುದು. ಆಸ್ಥಾನದ ಚಿತ್ರಗಾರನು ಅರಸನ ಮುಖದ ಮೇಲಿನ ಸಿಡುಬಿನ ಕಲೆಯನ್ನು ಬರೆಯದೆ ಬಿಟ್ಟರೆ ಅವನನ್ನು ಯಾರೂ ದೂರಲಾರರು. ಅದು ಅವನ ಹೊಟ್ಟೆಯ ಪಾಡು. ಆದರೆ ಯಾರ ಹಂಗೂ ಇಲ್ಲದೆ, ಕಾಗದ ಬಣ್ಣಗಳಿಗೆ ತಾನೇ ಹಣ ಹಾಕಿ, ಬಿಡುವಿನ ವೇಳೆಯಲ್ಲಿ ಬರೆಯುವ ಹವ್ಯಾಸಿಯೂ ಅದೇ ದಾರಿಯನ್ನು ಹಿಡಿಯುವುದೇತಕ್ಕೆ? ರಾಯಚೂರಿನಲ್ಲಿಯೂ ದೇವದುರ್ಗ, ಮಾನ್ವಿಗಳಲ್ಲಿಯೂ ಮುಖಗಳನ್ನು ಬರೆಯುತ್ತ ನಾವು ಕಂಡುಕೊಂಡ ಕೆಲವು ಸಂಗತಿಗಳನ್ನು ಈ ಸಂಚಿಕೆಯ ವಾಚಕರ ಮುಂದಿಡುವುದಕ್ಕೆ ಈ ಪ್ರಶ್ನೆಯೇ ಕಾರಣವಾಗಿದೆ.

ಇಂಥವರಿಗೆ ಮುಖ ಬರೆಯಲು ಬರುತ್ತದೆಂಬ ಸುದ್ದಿಯು ಓಣಿಯಲ್ಲಿ ಹಬ್ಬಿದ ಕೂಡಲೆ ಮನೆಗೆ ಜನರು ಬರತೊಡಗುವರು. ತಮ್ಮನ್ನು ಬರೆಯಿರೆಂದು ಕೇಳುವವರು ವಿರಳ. ತೀರಿಹೋದವರನ್ನು ಬರೆಯಿರೆಂದು ಕೇಳುವವರೇ ಹೆಚ್ಚು. ಅವರ ಕೈಯಲ್ಲಿ ಪಡಿತರ ಚೀಟಿಯಲ್ಲಿದ್ದದ್ದೋ ಮತದಾರರ ಚೀಟಿಯಲ್ಲಿದ್ದದ್ದೋ ಹೆಬ್ಬೆಟ್ಟಿನಷ್ಟು ದೊಡ್ಡದಾದ ಒಂದು ಛಾಯಾಚಿತ್ರವಿರುವುದು. ಎಪ್ಪತ್ತು ವರ್ಷ ಬಾಳಿದ ಹೆಂಗಸು ತನ್ನ ಆಯುಷ್ಯದಲ್ಲಿ ಒಂದೇ ಸಲ, ಅದೂ ಸರಕಾರದ ಅಗತ್ಯಕ್ಕಾಗಿ, ಯಂತ್ರದ ಎದುರಿಗೆ ಹೆದರಿ ಕುಳಿತಾಗ ತೆಗೆದದ್ದು ಅದು. ಅದರಲ್ಲಿ ಕಣ್ಣುಗಳು ಎರಡು ಕಪ್ಪು ಚುಕ್ಕೆಗಳು. ಮೂಗಿನ ಗುರುತೇ ಇಲ್ಲ. ಇದನ್ನು ನೋಡಿ ಎರಡಡಿಯ ಚಿತ್ರವನ್ನು ಬರೆದುಕೊಡಬೇಕು. ಅದರ ಜೊತೆಗೆ ಕೋರಿಕೆಗಳು ಬೇರೆ. ಇಲಕಲ್ಲ ಸೀರೆಗೆ ಬದಲಾಗಿ ರೇಷ್ಮೆ ಸೀರೆಯನ್ನುಡಿಸಬೇಕು. ಕೊರಳಿಗೆ ಬೋರಮಾಳವನ್ನು ಹಾಕಬೇಕು. ಹಣೆಯ ಮೇಲಿನ ಹಚ್ಚೆಯನ್ನು ತೆಗೆದುಬಿಡಬೇಕು. ಇವೆಲ್ಲವುಗಳ ಕೊನೆಗೆ, ಸ್ವಲ್ಪ ತಗ್ಗಿದ ದನಿಯಲ್ಲಿ, ತಪ್ಪದೆ ಬರುವ ಮಾತು ಒಂದುಂಟು: "ನಮ್ಮವ್ವ ಇಷ್ಟು ಕರ್ರಗ ಇದ್ದಿದ್ದಿಲ್ರಿ, ಸ್ವಲ್ಪ ಬೆಳ್ಳಗ ಮಾಡ್ರಿ."

ಈ ಮಾತನ್ನು ನಗುವುದಕ್ಕೆ ನಮಗೆ ಮನಸ್ಸಿಲ್ಲ. ಬದುಕಿದ್ದಾಗ ತಾಯಿಗೆ ಕೊಡಿಸಲಾಗದ ರೇಷ್ಮೆಯನ್ನು ಮಗನು ಕಾಗದದ ಮೇಲಾದರೂ ಉಡಿಸಬೇಕೆಂದು ಬಯಸಿದರೆ ಅದರಲ್ಲಿ ಪ್ರೀತಿಯೇ ಇರುವುದಲ್ಲದೆ ಡಂಭವಿಲ್ಲ. ರೇಷ್ಮೆಯನ್ನೂ ಬೋರಮಾಳವನ್ನೂ ನಾವು ಸಂತೋಷದಿಂದ ಬರೆದುಕೊಟ್ಟಿದ್ದೇವೆ. ಬಣ್ಣದ ವಿಷಯದಲ್ಲಿ ಮಾತ್ರ ನಾವು ಒಪ್ಪುವುದಿಲ್ಲ. ಸೀರೆಯು ಮೈಮೇಲೆ ಹಾಕಿಕೊಳ್ಳುವಂಥದು, ಚರ್ಮವು ಅವಳದೇ. ಅದನ್ನು ಬದಲಾಯಿಸಿದರೆ ಗೋಡೆಯ ಮೇಲೆ ಬಂದು ಕುಳಿತುಕೊಳ್ಳುವವಳು ಬೇರೊಬ್ಬಳು. ಮೊಮ್ಮಕ್ಕಳು ದಿನವೂ ಆ ಬೇರೊಬ್ಬಳಿಗೆ ಹೂ ಮುಡಿಸುವರು. ಮತ್ತು ತಮ್ಮ ಮೈಬಣ್ಣವು ಚಿತ್ರದಲ್ಲಿ ತೋರಿಸಬಾರದಂಥದೆಂಬ ಪಾಠವನ್ನು ಯಾರೂ ಕಲಿಸದೆಯೇ ಕಲಿತುಕೊಳ್ಳುವರು. ಈ ಪಾಠವು ಹೆಣ್ಣುಮಕ್ಕಳಿಗೆ ಎಷ್ಟು ಬೇಗ ತಲೆಗೆ ಹತ್ತುವುದೆಂಬುದನ್ನು ಶಾಲೆಯಲ್ಲಿ ಕಲಿಸುವ ಉಪಾಧ್ಯಾಯಿನಿಯರು ನಮಗಿಂತ ಚೆನ್ನಾಗಿ ಬಲ್ಲರು.

ನಮ್ಮ ಸೀಮೆಯಲ್ಲಿ ಚಿತ್ರಗಳಿಲ್ಲವೆಂದಲ್ಲ. ರಾಯಚೂರಿನ ಕೋಟೆಯ ಗೋಡೆಯಲ್ಲಿ 40 ಅಡಿಗೂ ಹೆಚ್ಚು ಉದ್ದವಾದ ಒಂದು ಕಲ್ಲಿದೆ; ಅದರ ಮೇಲೆ 1294ರ ಶಾಸನವಿದೆ. ಆ ಮಹಾಶಿಲೆಯನ್ನು ಬಂಡಿಯ ಮೇಲಿರಿಸಿ ಕೋಣಗಳ ಸಾಲು ಎಳೆಯುತ್ತಿರುವುದನ್ನೂ, ಆಳುಗಳು ಗಾಲಿಗಳಿಗೆ ಮೀಟುಗೋಲು ಕೊಡುತ್ತಿರುವುದನ್ನೂ ಅದರ ಬಳಿಯಲ್ಲಿಯೇ ಕೆತ್ತಿದ್ದಾರೆ. ಕೋಟೆ ನೋಡಲು ಹೋದ ವಿದ್ಯಾರ್ಥಿನಿಯರು ಅದನ್ನು ಒಂದು ಗಳಿಗೆ ನಿಂತು ನೋಡಬೇಕು. ಆಳುಗಳ ದುಡಿಮೆಯು ಅಲ್ಲಿ ಉಳಿದಿದೆ; ಅವರಲ್ಲಿ ಒಬ್ಬನ ಮುಖವಾದರೂ ಗುರುತಿಸುವಂತಿಲ್ಲ.

ಅರಸರಿಗಾದರೂ ನಿಜವಾದ ಮುಖವು ದೊರೆಯಿತೇ? ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರರಾದ ಬೀಡನ್ ಎಂಬವರು ಕಂಡ ಬಂಡೆಯ ಶಾಸನದಲ್ಲಿ ಅಶೋಕನ ಹೆಸರು ಇದ್ದುದರಿಂದ, ದೇವಾನಾಂಪ್ರಿಯನೆಂದು ಬೇರೆ ಶಾಸನಗಳಲ್ಲಿ ಕರೆಯಿಸಿಕೊಂಡವನು ಅವನೇ ಎಂಬುದು ನಿಶ್ಚಯವಾಯಿತು. ಹೆಸರು ಮಸ್ಕಿಯಲ್ಲಿ ಸಿಕ್ಕಿತು. ಚಿತ್ರವು ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಸಿಕ್ಕಿತು. ಅಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ದೊರೆತ ಒಂದು ಶಿಲ್ಪದಲ್ಲಿ ಅರಸನೂ ಛತ್ರ ಚಾಮರಗಳನ್ನು ಹಿಡಿದ ಪರಿಚಾರಿಕೆಯರೂ ಇದ್ದು, "ರಾಯೋ ಅಸೋಕೋ" ಎಂದು ಬ್ರಾಹ್ಮೀ ಲಿಪಿಯಲ್ಲಿ ಬರೆದಿದೆ. ಆದರೆ ಅದು ಅಶೋಕನು ತೀರಿಹೋಗಿ ಬಹುಕಾಲವಾದ ಮೇಲೆ ಕೆತ್ತಿದ್ದು. ಶಿಲ್ಪಿಯು ಅವನನ್ನು ಕಂಡವನಲ್ಲ. ಆ ಬರಹವನ್ನು ಒರೆಸಿಬಿಟ್ಟರೆ ಅವನು ಯಾವ ಅರಸನಾದರೂ ಆಗಬಹುದು. ಮುಖಚಿತ್ರದ ಕೆಳಗೆ ಹೆಸರು ಬರೆಯುವುದು ಎಷ್ಟು ದೊಡ್ಡ ವಿಷಯವೆಂಬುದು ನಮಗೆ ಈ ಶಿಲ್ಪದಿಂದಲೇ ಮನವರಿಕೆಯಾಯಿತು.

ಮಾನ್ವಿಯ ಜಗನ್ನಾಥದಾಸರ ವಿಷಯವೂ ಹೀಗೆಯೇ. ಹರಿಕಥಾಮೃತಸಾರವನ್ನು ರಚಿಸಿದ ಆ ಮಹನೀಯರು 1809ರಲ್ಲಿ ತೀರಿಕೊಂಡರು. ಛಾಯಾಚಿತ್ರವು ಹುಟ್ಟುವುದಕ್ಕೆ ಇನ್ನೂ ಮೂವತ್ತು ವರ್ಷಗಳಿದ್ದವು. ಈಗ ಮನೆಮನೆಗಳಲ್ಲಿ ಕಾಣುವ ದಾಸರ ಚಿತ್ರಗಳೆಲ್ಲವೂ ಭಕ್ತಿಯಿಂದ ಹುಟ್ಟಿದ ಮುಖಗಳು. ನಮ್ಮ ಕರ್ತನಾದ ಯೇಸುವಿನ ಮುಖವು ಹೇಗಿತ್ತೆಂಬುದನ್ನು ನಾಲ್ಕು ಸುವಾರ್ತೆಗಳಲ್ಲಿ ಒಂದಾದರೂ ಹೇಳುವುದಿಲ್ಲ. ಕ್ರೈಸ್ತರ ಮನೆಗಳ ಗೋಡೆಗಳ ಮೇಲೆ ಕಾಣುವ, ಹೊಂಬಣ್ಣದ ಬೆಳಕಿನಲ್ಲಿ ಪಕ್ಕಕ್ಕೆ ತಿರುಗಿರುವ ಆ ಪ್ರಸಿದ್ಧ ಮುಖವನ್ನು ಅಮೇರಿಕದ ವಾರ್ನರ್ ಸಾಲ್ಮನ್ ಎಂಬವರು 1940ರಲ್ಲಿ ಬರೆದರು. ಗೋವೆಯ ಆಂಜೆಲೊ ದ ಫೊನ್ಸೆಕರು (1902–1967) ಮರಿಯಮ್ಮನಿಗೆ ಸೀರೆಯುಡಿಸಿ, ನಮ್ಮ ನಾಡಿನ ಹೆಣ್ಣಿನ ಮೈಬಣ್ಣವನ್ನು ಕೊಟ್ಟು ಬರೆದಾಗ ಅವರ ಸಭೆಯವರಲ್ಲಿಯೇ ಹಲವರು ಸಿಟ್ಟಾದರು. ಸಾಲ್ಮನರ ಚಿತ್ರವೂ ಕಲ್ಪನೆಯೇ, ಫೊನ್ಸೆಕರದೂ ಕಲ್ಪನೆಯೇ. ಒಂದರ ಮೇಲೆ ಬಾರದ ಸಿಟ್ಟು ಇನ್ನೊಂದರ ಮೇಲೆ ಏತಕ್ಕೆ ಬಂದಿತೆಂಬುದನ್ನು ವಾಚಕರು ಯೋಚಿಸಿ ನೋಡಲಿ. ಕಾಣದವರನ್ನು ಬರೆಯುವಾಗ ಕಲ್ಪನೆಯು ಅನಿವಾರ್ಯ. ಆದರೆ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತಿರುವ ಅಜ್ಜಿಯ ವಿಷಯದಲ್ಲಿ ಅಂಥ ಅನಿವಾರ್ಯವು ಯಾವುದಿದೆ?

ಹಿಂದಿನ ಹೈದರಾಬಾದು ಸಂಸ್ಥಾನದಲ್ಲಿ, ರಾಯಚೂರೂ ಅದರೊಳಗೆ ಸೇರಿದ್ದ ಕಾಲದಲ್ಲಿ, ಲಾಲಾ ದೀನದಯಾಳರೆಂಬ ಹೆಸರಾಂತ ಛಾಯಾಚಿತ್ರಗಾರರಿದ್ದರು. ಗೋಷೆಯ ಹೆಂಗಸರು ಗಂಡಸರೆದುರಿಗೆ ಬಾರದ ಕಾರಣ ಅವರು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಪ್ರತ್ಯೇಕವಾದ ಜನಾನಾ ಚಿತ್ರಶಾಲೆಯನ್ನು ತೆರೆದು, ಅದನ್ನು ಒಬ್ಬ ಆಂಗ್ಲ ಮಹಿಳೆಯ ವಶಕ್ಕೆ ಕೊಟ್ಟರು. ದೊಡ್ಡ ಮನೆತನದ ಹೆಂಗಸರಿಗೆ ಹೀಗೆ ಒಂದು ಏರ್ಪಾಡಾಯಿತು. ಬೊಂಬಾಯಿಯ ಕಡೆಯ ರೈಲೂ ಮದ್ರಾಸಿನ ಕಡೆಯ ರೈಲೂ 1871ರಲ್ಲಿ ರಾಯಚೂರಿನಲ್ಲಿಯೇ ಕೂಡಿಕೊಂಡವು. ಆದರೂ ದೇವದುರ್ಗದ ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸಿನ ಮುಖವನ್ನು ಬರೆಯಲು ಯಾವ ರೈಲಿನಿಂದಲೂ ಯಾರೂ ಇಳಿಯಲಿಲ್ಲ.

ಇನ್ನು ಬಣ್ಣದ ಮಾತು. ಕಪ್ಪು ಮುಖವನ್ನು ಬರೆಯುವುದು ಕಠಿಣವೆಂದೂ ಅದಕ್ಕೇ ಬಿಳುಪು ಮಾಡುವರೆಂದೂ ಕೆಲವರು ಹೇಳುವುದುಂಟು. ಇದು ಬಣ್ಣದ ಡಬ್ಬಿಯಲ್ಲಿರುವ ಕಪ್ಪನ್ನು ನೆಚ್ಚಿದವರ ಮಾತು. ಆ ಕಪ್ಪನ್ನು ಬಿಳಿಯೊಡನೆ ಕಲಸಿದರೆ ದೊರೆಯುವುದು ಬೂದಿ. ಬೂದಿಬಣ್ಣದ ಮುಖವು ರೋಗಿಯ ಮುಖದಂತೆ ಕಾಣುವುದು ಸಹಜವೇ. ನಮ್ಮ ಜನರ ಮೈಬಣ್ಣದಲ್ಲಿ ಕಪ್ಪೆಂಬುದು ಇಲ್ಲವೇ ಇಲ್ಲ. ಸುಟ್ಟ ಸಿಯೆನ್ನಾ ಎಂಬ ಕೆಮ್ಮಣ್ಣಿನ ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋದರೆ ನೆರಳಿನ ಕಡೆಯ ಆಳವಾದ ಕಂದು ಬರುವುದು. ಬೆಳಕಿನ ಕಡೆಗೆ ಹಳದಿ ಮಣ್ಣಿನ ಬಣ್ಣವೂ ತುಸು ಕೆಂಪೂ ಬೇಕು. ಕಪ್ಪು ಮೈಯ ಮೇಲೆ ಹೊಳಪು ಬಹಳ ಸ್ಪಷ್ಟ. ಬಯಲಿನಲ್ಲಿ ಕುಳಿತವರ ಹಣೆಯ ಮೇಲೂ ಕೆನ್ನೆಯ ಎಲುಬಿನ ಮೇಲೂ ಆಕಾಶದ ನೀಲಿಯು ತೆಳುವಾಗಿ ಬಿದ್ದಿರುವುದು. ಸುಣ್ಣ ಬಳಿದ ಗೋಡೆಯ ಪಕ್ಕದಲ್ಲಿ ಕುಳಿತರೆ ನೆರಳಿನ ಕೆನ್ನೆಗೂ ಒಂದು ಮಂದವಾದ ಬೆಳಕು ಬರುವುದು. ಒಬ್ಬ ಮುದುಕಿಯ ಮುಖದಲ್ಲಿ ನಾವು ಏಳೆಂಟು ಬಣ್ಣಗಳನ್ನು ಎಣಿಸಿದ್ದೇವೆ. ಬಿಳುಪು ಮಾಡಿದವರು ಅವುಗಳೆಲ್ಲವನ್ನೂ ಅಳಿಸಿ ಒಂದೇ ಗುಲಾಬಿ ಬಣ್ಣವನ್ನು ಬಳಿಯುವರು. ಸತ್ಯದ ಮಾತು ಹಾಗಿರಲಿ, ಕೇವಲ ಕಣ್ಣಿನ ಸುಖದ ದೃಷ್ಟಿಯಿಂದಲಾದರೂ ಇದು ನಷ್ಟದ ವ್ಯಾಪಾರವಲ್ಲವೇ?

ರಾಯಚೂರಿನ ಬೇಸಗೆಯಲ್ಲಿ ನೀರುಬಣ್ಣದ ಕೆಲಸವು ಒಂದು ಶಿಕ್ಷೆಯೆಂದೇ ಹೇಳಬೇಕು. ಕೆನ್ನೆಗೆ ಹಚ್ಚಿದ ಬಣ್ಣದ ಅಂಚನ್ನು ಮೆತ್ತಗೆ ಮಾಡುವುದರೊಳಗೆ ಅದು ಒಣಗಿ ಗೆರೆ ಬಿಟ್ಟಿರುತ್ತದೆ. ನೀರಿಗೆ ನಾಲ್ಕು ಹನಿ ಗ್ಲಿಸರಿನ್ ಹಾಕಿಕೊಂಡರೆ ಸ್ವಲ್ಪ ಅವಕಾಶ ದೊರೆಯುವುದು. ಹೊಸದಾಗಿ ಕಲಿಯುವವರಿಗೆ ಬಣ್ಣಕ್ಕಿಂತ ಪೆನ್ಸಿಲೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಕಣ್ಣುಗಳನ್ನು ಬಹಳ ಮೇಲಕ್ಕೆ ಬರೆದು ಹಣೆಯನ್ನು ಸಣ್ಣದು ಮಾಡುವುದು ಎಲ್ಲರಲ್ಲಿಯೂ ಕಾಣುವ ಅಭ್ಯಾಸ; ಅಳೆದು ನೋಡಿದರೆ ನೆತ್ತಿಯಿಂದ ಗದ್ದದವರೆಗಿನ ಉದ್ದದಲ್ಲಿ ಕಣ್ಣುಗಳು ಸರಿಯಾಗಿ ನಡುವೆ ಇರುವವು. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣಿನಷ್ಟು ಸ್ಥಳವಿರುವುದು. ಇಷ್ಟನ್ನು ತಿಳಿದುಕೊಂಡು, ಎದುರಿಗೆ ಕುಳಿತವರ ಮುಖವು ಈ ಲೆಕ್ಕವನ್ನು ಎಲ್ಲೆಲ್ಲಿ ಮೀರಿದೆಯೆಂದು ಹುಡುಕುವುದೇ ಮುಖಚಿತ್ರದ ಗುಟ್ಟು.

ಕುಳಿತುಕೊಳ್ಳುವವರು ಸಿಕ್ಕುವುದೇ ಕಷ್ಟ. ಮಾನ್ವಿಯ ಕಡೆ ಕಾಲುವೆಯ ನೀರು ಬಂದಾಗ ನಾಟಿಯ ಕೆಲಸ. ದೇವದುರ್ಗದ ಕಡೆ ಹತ್ತಿಯ ಕೆಲಸ. ಸಾಯಂಕಾಲ ಒಲೆ ಹಚ್ಚುವುದಕ್ಕೆ ಮುಂಚೆ ಅರ್ಧ ತಾಸು ದೊರೆತರೆ ಪುಣ್ಯ. ಮೊದಲ ಹತ್ತು ನಿಮಿಷ ಅವರು ಕಲ್ಲಿನಂತೆ ಬಿಗಿದು ಕುಳಿತಿರುವರು. ಆಗ ಏನನ್ನೂ ಬರೆಯಬಾರದು. ಮಾತಿಗೆಳೆಯಬೇಕು. ಮಳೆಯ ಮಾತು, ಮಗಳ ಮನೆಯ ಮಾತು ಬಂದ ಮೇಲೆ ಮುಖವು ತನ್ನ ಸ್ಥಾನಕ್ಕೆ ತಾನೇ ಬರುವುದು. ಮುಗಿದ ಚಿತ್ರವನ್ನು ಕೈಗೆ ಕೊಟ್ಟಾಗ ಬಹಳ ಹೆಂಗಸರು ಮೊದಲು ಬಾಯಿಗೆ ಸೆರಗು ಇಟ್ಟುಕೊಂಡು ನಗುವರು. ಆಮೇಲೆ, "ನಮ್ಮವ್ವನ್ಹಂಗ ಆಗೀನಲ್ರಿ" ಎನ್ನುವರು. ತಾಯಿಯ ಚಿತ್ರವನ್ನು ಎಂದೂ ಕಾಣದವರು ತಮ್ಮ ಚಿತ್ರದಲ್ಲಿ ಅವಳನ್ನು ಕಾಣುವುದನ್ನು ನಾವು ಒಂದಲ್ಲ, ಹಲವು ಸಲ ನೋಡಿದ್ದೇವೆ. ಬೆಳ್ಳಗೆ ಮಾಡಿರೆಂದು ಅವರಲ್ಲಿ ಯಾರೂ ಕೇಳಿದ್ದಿಲ್ಲ. ಆ ಕೋರಿಕೆಯು ಬರುವುದು ಮಕ್ಕಳಿಂದ, ಅದೂ ಅವರು ತೀರಿದ ಮೇಲೆ.

ಕೈಯಲ್ಲಿ ಫೋನಿರುವಾಗ ಈ ತೊಂದರೆಯೆಲ್ಲ ಏತಕ್ಕೆಂದು ಕೇಳಬಹುದು. ಛಾಯಾಚಿತ್ರವನ್ನು ನಾವು ಹಳಿಯುವುದಿಲ್ಲ. ಆದರೆ ಯಂತ್ರವು ಪಕ್ಷಪಾತವಿಲ್ಲದ್ದೆಂಬ ನಂಬಿಕೆಯು ಸರಿಯಲ್ಲ. ಕೊಡಾಕ್ ಕಂಪನಿಯವರು ಬಣ್ಣದ ಚಿತ್ರಗಳನ್ನು ಸರಿಯಾಗಿ ಮುದ್ರಿಸುವುದಕ್ಕೆ ಅಳತೆಯಾಗಿ ಬಹುಕಾಲ ಕೊಡುತ್ತಿದ್ದ ಚೀಟಿಯಲ್ಲಿ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಇಂದಿನ ಎಷ್ಟೋ ಫೋನುಗಳು ನಾವು ಕೇಳದೆಯೇ ಮುಖವನ್ನು ನುಣುಪು ಮಾಡಿ ತಿಳಿಯಾಗಿಸುವವು. ಬೆಳ್ಳಗೆ ಮಾಡುವ ಕೆಲಸವನ್ನು ಮಗನ ಬದಲು ಈಗ ಯಂತ್ರವೇ ಮಾಡುತ್ತದೆ. ತಗ್ಗಿದ ದನಿಯಲ್ಲಿ ಕೇಳುವ ಸಂಕೋಚವೂ ಉಳಿಯಲಿಲ್ಲ.

ಮುಖ ಬರೆಯುವುದು ಗಂಡಸರ ಕೆಲಸವೆಂದು ಯಾರಾದರೂ ಹೇಳಿದರೆ ನಮ್ಮ ಹೆಣ್ಣುಮಕ್ಕಳು ಎರಡು ಹೆಸರುಗಳನ್ನು ಹೇಳಲಿ. ರಾಜಾ ರವಿವರ್ಮರ ಸೋದರಿಯಾದ ಮಂಗಳಾಬಾಯಿ ತಂಪುರಾಟ್ಟಿಯವರು ಅಣ್ಣನ ಮುಖಚಿತ್ರವನ್ನು ತಾವೇ ತೈಲವರ್ಣದಲ್ಲಿ ಬರೆದರು. ಅಮೃತಾ ಶೇರ್‌ಗಿಲ್ಲರು ದಕ್ಷಿಣ ದೇಶದ ಪ್ರವಾಸದ ನಂತರ 1937ರಲ್ಲಿ ಬರೆದ ಚಿತ್ರಗಳಲ್ಲಿ ನಮ್ಮ ದಕ್ಷಿಣದವರ ಕಂದು ಮೈಬಣ್ಣವು ಯಾವ ಸಂಕೋಚವೂ ಇಲ್ಲದೆ ನಿಂತಿದೆ. ಅವರು 1941ರಲ್ಲಿ, 28 ವರ್ಷದ ಚಿಕ್ಕ ವಯಸ್ಸಿನಲ್ಲಿ, ತೀರಿಕೊಂಡರು.

ಮಿಷನ್ ಶಾಲೆಗಳ ಸಭಾಂಗಣಗಳಲ್ಲಿ ಸ್ಥಾಪಕರ ಮತ್ತು ಮುಖ್ಯೋಪಾಧ್ಯಾಯಿನಿಯರ ಚಿತ್ರಗಳಿರುವುದು ರೂಢಿ. ಅದು ಯೋಗ್ಯವೂ ಹೌದು. ಅದೇ ಗೋಡೆಯಲ್ಲಿ ಹಾಸ್ಟೆಲಿನ ಅಡಿಗೆಯವ್ವನಿಗೂ, ಗಂಟೆ ಬಾರಿಸುವ ಅಜ್ಜನಿಗೂ, ಹಳ್ಳಿಹಳ್ಳಿ ತಿರುಗಿ ಹೆಂಗಸರಿಗೆ ಅಕ್ಷರ ಕಲಿಸಿದ ಬೈಬಲ್ ಹೆಂಗಸಿಗೂ ಒಂದೊಂದು ಅಡಿ ಸ್ಥಳವಿರಬೇಕೆಂದು ನಾವು ಕೇಳುತ್ತೇವೆ. ವರ್ಷಕ್ಕೆ ಒಬ್ಬರನ್ನು ಆರಿಸಿ, ಅವರು ಕೆಲಸದಲ್ಲಿರುವಾಗಲೇ ಎದುರಿಗೆ ಕೂರಿಸಿ, ಒಂಬತ್ತನೆಯ ತರಗತಿಯ ಹುಡುಗಿಯರಿಂದ ಬರೆಯಿಸಬಹುದು. ಹತ್ತು ಹುಡುಗಿಯರು ಬರೆದರೆ ಹತ್ತು ಬಗೆಯಾಗುವುದು. ಯಾವುದು ಹೋಲುತ್ತದೆಂಬುದನ್ನು ಅಡಿಗೆಯವ್ವನೇ ತೀರ್ಪು ಹೇಳಲಿ. ಹೆಸರನ್ನೂ ಊರನ್ನೂ ತಾರೀಖನ್ನೂ ಚಿತ್ರದ ಮುಂಭಾಗದಲ್ಲಿಯೇ, ಗದ್ದದ ಕೆಳಗೆ, ಮಸಿಯಿಂದ ಬರೆಯತಕ್ಕದ್ದು. ಹಿಂದೆ ಬರೆದರೆ ಚೌಕಟ್ಟು ಹಾಕುವವನು ಅದರ ಮೇಲೆ ರಟ್ಟನ್ನು ಹಚ್ಚಿ ಮೊಳೆ ಹೊಡೆದುಬಿಡುವನು.