ಗೃಹಾರೋಗ್ಯ ವಿಚಾರ: ಮೈಭಾರ ಇಳಿಸುವ ಶಸ್ತ್ರಚಿಕಿತ್ಸೆಯ ತರುವಾಯ

ಹೊಳಲ್ಕೆರೆಯ ಕಡೆಯ ಗೃಹಸ್ಥರೊಬ್ಬರು ನಮಗೊಂದು ಪತ್ರವನ್ನು ಬರೆದಿದ್ದಾರೆ. ಅವರ ಮನೆಯವರಿಗೆ ಬಹುಕಾಲದಿಂದ ದೇಹದ ಭಾರವು ಮಿತಿಮೀರಿ, ಅದರೊಡನೆ ಸಿಹಿಮೂತ್ರರೋಗವೂ ಮೊಣಕಾಲಿನ ಬೇನೆಯೂ ಸೇರಿಕೊಂಡಿವೆಯಂತೆ. ಬೆಂಗಳೂರಿನ ವೈದ್ಯರು ಜಠರವನ್ನು ಕಿರಿದುಮಾಡುವ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದ್ದಾರೆ, ಆಕೆಯೂ ಒಪ್ಪಿದ್ದಾರೆ. ಪತ್ರ ಬರೆದವರ ತಾಯಿಯವರು ಮಾತ್ರ, "ಉಣ್ಣುವ ಹೊಟ್ಟೆಯನ್ನೇ ಕೊಯ್ಯಿಸಿಕೊಂಡು ಬದುಕುವುದುಂಟೆ?" ಎಂದು ಕಣ್ಣೀರಿಡುತ್ತಿದ್ದಾರೆ. ಶಸ್ತ್ರಕ್ರಿಯೆಯಾದ ಮೇಲೆ ಆಸ್ಪತ್ರೆಯಲ್ಲಿ ಏನೇನಾಗುವುದು, ಮನೆಗೆ ಕರೆತಂದ ಮೇಲೆ ತಾವು ಏನು ಮಾಡತಕ್ಕದ್ದು ಎಂಬುದು ಅವರ ಪ್ರಶ್ನೆ. ಇಂತಹ ಚಿಂತೆಯುಳ್ಳ ಮನೆಗಳು ಇಂದು ಹಲವಿರುವುದರಿಂದ ಈ ತಿಂಗಳಿನ ಪುಟವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ತಾಯಿಯವರ ಅಂಜಿಕೆಯ ವಿಚಾರ. 2022ನೆಯ ಇಸವಿ ಮೇ ತಿಂಗಳಿನಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ಅವರು ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಯ ತರುವಾಯ ತೀರಿಕೊಂಡ ಸುದ್ದಿಯನ್ನು ಕೇಳಿ ನಾಡಿನ ಅನೇಕ ತಾಯಂದಿರು ತಲ್ಲಣಿಸಿದರು. ಆದರೆ ಅಂಗಸೌಷ್ಠವಕ್ಕಾಗಿ ಕೊಬ್ಬನ್ನು ತೆಗೆಯುವುದು ಬೇರೆ, ರೋಗವನ್ನು ತಗ್ಗಿಸುವುದಕ್ಕಾಗಿ ಜಠರವನ್ನು ಕಿರಿದುಮಾಡುವುದು ಬೇರೆ. ಈ ಎರಡನೆಯದರಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಒಂದರಲ್ಲಿ ಜಠರದ ಶೇಕಡ 75ರಿಂದ 80ರಷ್ಟು ಭಾಗವನ್ನು ತೆಗೆದುಹಾಕಿ, ಉಳಿದುದನ್ನು ಬಾಳೆಕಾಯಿಯಂತಹ ನಳಿಗೆಯಾಗಿ ಉಳಿಸುವರು. ಇನ್ನೊಂದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರು ಹಿಡಿಯುವ ಸಣ್ಣ ಚೀಲವನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವರು. ಈ ಜೋಡಣೆಯ ಮಾರ್ಗವನ್ನು 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ವೈದ್ಯರು ತಮ್ಮ ಸಹೋದ್ಯೋಗಿಯೊಡನೆ ಆರಂಭಿಸಿದರು. ಆಗ ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಾಗಿತ್ತು. ಈಗ ನಾಲ್ಕಾರು ಸಣ್ಣ ರಂಧ್ರಗಳಿಂದಲೇ ಸಾಮಾನ್ಯವಾಗಿ ಕೆಲಸ ಮುಗಿಯುವುದು.

ಅತಿಯಾದ ಮೈಭಾರವು ರೋಗವೆಂಬುದೂ ಹೊಸ ಮಾತಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲರ ದೋಷಗಳನ್ನೇ ಎಣಿಸಿ ಹೇಳುವುದು. ಆದಕಾರಣ ಆಕೆಯನ್ನು "ಬಾಯಿಚಪಲ" ಎಂದು ಹಳಿಯುವುದೂ "ಸೊಗಸಿನ ಹುಚ್ಚು" ಎಂದು ಹಾಸ್ಯಮಾಡುವುದೂ ಸಲ್ಲದು.

ಇನ್ನು ಆಸ್ಪತ್ರೆಯ ದಿನಗಳು. ಶಸ್ತ್ರಕ್ರಿಯೆ ಮುಗಿದೊಡನೆ ರೋಗಿಯನ್ನು ಕೆಲವು ಗಂಟೆಗಳ ಕಾಲ ಕಾವಲಿನ ಕೋಣೆಯಲ್ಲಿರಿಸುವರು. ಮೂಗಿನ ಬಳಿ ಆಮ್ಲಜನಕದ ನಳಿಗೆ, ಕೈಗೆ ಲವಣಜಲದ ಸೂಜಿ, ಕಾಲುಗಳಿಗೆ ಗಾಳಿ ತುಂಬಿ ಹಿಸುಕುವ ಪಟ್ಟಿಗಳು ಇರಬಹುದು. ಕೆಲವರಿಗೆ ಹೊಟ್ಟೆಯ ಪಕ್ಕದಲ್ಲೊಂದು ಸಣ್ಣ ಕೊಳವೆಯೂ ಇರುವುದು. ಇವನ್ನು ಕಂಡು ಮನೆಯವರು ಎದೆಗೆಡಬಾರದು. ಕಾಲಿನ ಪಟ್ಟಿಯೂ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಚುಚ್ಚುಮದ್ದೂ ಕಾಲಿನ ರಕ್ತನಾಳಗಳಲ್ಲಿ ಗಡ್ಡೆಯಾಗದಂತೆ ತಡೆಯುವುದಕ್ಕಾಗಿ ಇರತಕ್ಕವು. ಅಂತಹ ಗಡ್ಡೆಯು ಸಡಿಲಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ಎಚ್ಚರವಾದ ಮೇಲೆ ಅನೇಕರು ಹೊಟ್ಟೆಗಿಂತ ಹೆಚ್ಚಾಗಿ ಭುಜದ ನೋವನ್ನು ಹೇಳಿಕೊಳ್ಳುವರು. ಉಪಕರಣಗಳಿಗೆ ಎಡೆಯಾಗಲೆಂದು ಹೊಟ್ಟೆಯೊಳಗೆ ಇಂಗಾಲಾಮ್ಲವಾಯುವನ್ನು ತುಂಬಿರುವರು. ಅದರ ಶೇಷವು ವಪೆಯನ್ನು ಕೆಣಕುವುದರಿಂದ ನೋವು ಭುಜದಲ್ಲಿ ತೋರುವುದು. ಎರಡು ಮೂರು ದಿನಗಳಲ್ಲಿ ಅದು ತಾನೇ ಅಡಗುವುದು. ಆದರೂ ಎದೆನೋವೆಂದು ತೋರಿದುದನ್ನೆಲ್ಲ ದಾದಿಯರಿಗೆ ತಿಳಿಸತಕ್ಕದ್ದು. ಇದು ವಾಯುವೆಂದು ತೀರ್ಮಾನಿಸುವ ಅಧಿಕಾರ ನಮ್ಮದಲ್ಲ. ವಾಕರಿಕೆಯೂ ಆಯಾಸವೂ ಮೊದಲ ದಿನ ಸಾಮಾನ್ಯ.

ನಮ್ಮವರಿಗೆ ವಿಚಿತ್ರವೆನಿಸುವ ಸಂಗತಿ ಇನ್ನೊಂದುಂಟು. ಶಸ್ತ್ರಕ್ರಿಯೆಯಾದ ದಿನದ ಸಂಜೆಯೇ, ಕೆಲವೊಮ್ಮೆ ಅದಕ್ಕೂ ಮೊದಲೇ, ದಾದಿಯರು ರೋಗಿಯನ್ನು ಎಬ್ಬಿಸಿ ನಡೆಸುವರು. "ಅಯ್ಯೋ, ಹಸಿಗಾಯ, ಮಲಗಿರಲಿ" ಎಂದು ಬಂಧುಗಳು ಅಡ್ಡಬರುವುದುಂಟು. ಹಾಗೆ ಮಾಡಕೂಡದು. ನಡೆದಷ್ಟೂ ರಕ್ತ ಓಡಾಡುವುದು, ವಾಯು ಸರಿಯುವುದು, ಕರುಳು ಚುರುಕಾಗುವುದು. ಉಸಿರೆಳೆದು ಮೂರು ಚೆಂಡುಗಳನ್ನು ಮೇಲೆಬ್ಬಿಸುವ ಸಣ್ಣ ಸಾಧನವನ್ನೂ ಕೊಡುವರು. ಅದು ಆಟಿಕೆಯಂತೆ ಕಂಡರೂ ಕಫ ಕಟ್ಟಿ ಜ್ವರ ಬಾರದಂತೆ ಶ್ವಾಸಕೋಶವನ್ನು ಕಾಪಾಡತಕ್ಕದ್ದು.

ಆಹಾರದ ವಿಚಾರದಲ್ಲಿ ಬಹಳ ತಾಳ್ಮೆ ಬೇಕು. ವೈದ್ಯರ ಅಪ್ಪಣೆಯಾದ ಮೇಲೆ ಸಣ್ಣ ಬಟ್ಟಲಿನಲ್ಲಿ ಸುಮಾರು 30 ಮಿಲಿಲೀಟರು ನೀರನ್ನು ಗುಟುಕು ಗುಟುಕಾಗಿ ಕುಡಿಸುವರು. ಅದು ನಿಂತರೆ ತಿಳಿಯಾದ ಪಾನೀಯಗಳು. ಮುಂದೆ ಸುಮಾರು ಎರಡು ವಾರ ದ್ರವಾಹಾರ, ಅನಂತರ ಎರಡು ವಾರ ನುಣ್ಣಗೆ ಅರೆದ ಆಹಾರ, ತರುವಾಯ ಮೆತ್ತನೆಯದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ದಿನಗಳ ಲೆಕ್ಕ ಆಯಾ ವೈದ್ಯರದೇ ಅಂತಿಮ. ನಮ್ಮ ಅಡಿಗೆಮನೆಯ ಬೇಳೆಯ ಕಟ್ಟು, ನೀರುಮಜ್ಜಿಗೆ, ಸೋಸಿದ ತೆಳು ಗಂಜಿ ಇವು ದ್ರವಾಹಾರದ ದಿನಗಳಿಗೆ ಒಗ್ಗುವಂಥವು. ಎಲ್ಲ ದಿನಗಳಲ್ಲಿಯೂ ಮಾಂಸಧಾತುವನ್ನು ಪೋಷಿಸುವ ಪ್ರೋಟೀನು ನಿತ್ಯ 60 ಗ್ರಾಮಿನಷ್ಟಾದರೂ ಸಲ್ಲುವಂತೆ ವೈದ್ಯರು ಹಾಲಿನಲ್ಲಿ ಕಲಸುವ ಪುಡಿಯನ್ನು ಕೊಡುವುದುಂಟು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗಗಳ ಮನೆಗಳಿಗೆ ಇಲ್ಲೊಂದು ವಿಶೇಷ ಎಚ್ಚರಿಕೆಯನ್ನು ಹೇಳಬೇಕಾಗಿದೆ. ಮುದ್ದೆಯನ್ನು ಅಗಿಯುವುದು ನಮ್ಮ ಪದ್ಧತಿಯಲ್ಲ. ಸಾರಿನಲ್ಲಿ ಅದ್ದಿ ನುಂಗುವುದೇ ಪದ್ಧತಿ. ಕಿರಿದಾದ ಜಠರಕ್ಕೆ ಇದೇ ಕಷ್ಟ. ನುಂಗಿದ ತುತ್ತು ನಳಿಗೆಯಲ್ಲಿ ಸಿಕ್ಕಿ ಎದೆಯೊತ್ತು, ವಾಂತಿ ಉಂಟಾಗುವುವು. ಆದುದರಿಂದ ವೈದ್ಯರು ಹೇಳುವವರೆಗೆ ಮುದ್ದೆಯ ಮಾತೇ ಬೇಡ. ಘನಾಹಾರವು ಬಂದ ಮೇಲೆಯೂ ಪ್ರತಿ ತುತ್ತನ್ನು ನುಣ್ಣಗಾಗುವವರೆಗೆ ಅಗಿದು, ಸಾಕೆನಿಸಿದೊಡನೆ ಕೈತೊಳೆಯಬೇಕು. ಊಟದ ನಡುವೆ ನೀರನ್ನು ಕುಡಿಯಬಾರದು. ಕರುಳಿಗೆ ಜೋಡಣೆಯಾದವರು ಬೆಲ್ಲ, ಸಕ್ಕರೆಯ ಭಕ್ಷ್ಯಗಳನ್ನು ತಿಂದರೆ ಎದೆ ಹಾರುವುದು, ಬೆವರುವುದು, ಭೇದಿಯಾಗುವುದು. ಯುಗಾದಿಯ ದಿನ "ಒಂದೇ ಒಂದು ಹೋಳಿಗೆ" ಎಂದು ಬಲವಂತ ಮಾಡುವ ಬಂಧುಗಳು ಇದನ್ನು ನೆನೆಯಲಿ.

ಎಲ್ಲವೂ ನೇರವಾಗಿದ್ದರೆ ಒಂದರಿಂದ ಮೂರು ದಿನಗಳಲ್ಲಿ ಮನೆಗೆ ಕಳುಹಿಸುವರು. ಹೊಳಲ್ಕೆರೆಯವರಿಗೆ ಅದು 200 ಕಿಲೋಮೀಟರಿಗೂ ಮಿಕ್ಕ ದಾರಿ. ಬೆಂಗಳೂರಿನಲ್ಲಿ ನೆಂಟರ ಮನೆಯಿದ್ದರೆ ಮೊದಲ ಮರುಪರೀಕ್ಷೆಯವರೆಗೆ ಅಲ್ಲಿಯೇ ತಂಗುವುದು ಉತ್ತಮ. ಹೊರಡಲೇಬೇಕಾದರೆ ತುಮಕೂರು, ಸಿರಾ, ಹಿರಿಯೂರುಗಳಲ್ಲಿ ವಾಹನವನ್ನು ನಿಲ್ಲಿಸಿ, ಆಕೆಯನ್ನು ಇಳಿಸಿ ಐದು ನಿಮಿಷ ನಡೆಸತಕ್ಕದ್ದು. ರೈಲಿನಲ್ಲಿ ಚಿಕ್ಕಜಾಜೂರಿನ ಕಡೆಗೆ ಬರುವವರು ಗಾಡಿಯೊಳಗೇ ಆಗಾಗ ಎದ್ದು ಓಡಾಡಬಹುದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹೊಲಿದ ಜಾಗದಲ್ಲಿ ಸೋರಿಕೆಯಾಗುವುದು ಅಪರೂಪ. ಆದರೆ ಆದರೆ ಅದು ಮನೆಗೆ ಬಂದ ಮೇಲೆಯೂ ಕಾಣಿಸಿಕೊಳ್ಳಬಹುದು. ಅದರ ಮೊದಲ ಗುರುತು ಎಷ್ಟೋ ಸಲ ನೋವಲ್ಲ, ನಾಡಿಯ ವೇಗ. ಆದಕಾರಣ ಮನೆಯ ಯಜಮಾನರು ನಾಡಿಯನ್ನು ಎಣಿಸಲು ಕಲಿತಿರಬೇಕು. ಸುಮ್ಮನೆ ಮಲಗಿರುವಾಗಲೂ ನಿಮಿಷಕ್ಕೆ 120ನ್ನು ಮೀರಿ ಬಡಿಯುತ್ತಿದ್ದರೆ, ಜ್ವರ ಬಂದರೆ, ಹೊಟ್ಟೆನೋವು ಇಳಿಯದೆ ಏರಿದರೆ, ಉಸಿರು ಸಿಕ್ಕಿಕೊಂಡರೆ, ಒಂದು ಮೀನಖಂಡವು ಊದಿ ನೋಯುತ್ತಿದ್ದರೆ, ಗುಟುಕು ನೀರೂ ನಿಲ್ಲದೆ ವಾಂತಿಯಾದರೆ, ಮಲವು ಕಪ್ಪಾದರೆ ಬೆಳಗಾಗಲೆಂದು ಕಾಯಕೂಡದು. ಅಜೀರ್ಣವೆಂದು ಜೀರಿಗೆ ಕಷಾಯವನ್ನು ಕುಡಿಸಿ ಕುಳಿತರೆ ಅಮೂಲ್ಯವಾದ ಹೊತ್ತು ಕಳೆದುಹೋಗುವುದು. ಶಸ್ತ್ರವೈದ್ಯರಿಗೆ ಕರೆಮಾಡಿ, 108ರ ವಾಹನವನ್ನು ತರಿಸಿ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗಾಗಲಿ ಹತ್ತಿರದ ಬೇರೊಂದು ದೊಡ್ಡ ಆಸ್ಪತ್ರೆಗಾಗಲಿ ಒಡನೆ ಕರೆದೊಯ್ಯಿರಿ. ಬೆಂಗಳೂರಿನಲ್ಲಿ ಕೊಟ್ಟ ಬಿಡುಗಡೆಯ ಪತ್ರವನ್ನು ಕೈಯಲ್ಲಿರಿಸಿಕೊಂಡೇ ಹೋಗಿರಿ. ಯಾವ ಬಗೆಯ ಶಸ್ತ್ರಕ್ರಿಯೆಯಾಗಿದೆಯೆಂದು ಅಲ್ಲಿಯ ವೈದ್ಯರಿಗೆ ಅದರಿಂದಲೇ ತಿಳಿಯತಕ್ಕದ್ದು.

ಔಷಧಿಗಳಲ್ಲಿಯೂ ಎಚ್ಚರವಿರಲಿ. ಊಟವು ಇಳಿದೊಡನೆ ಸಿಹಿಮೂತ್ರದ ಹಳೆಯ ಪ್ರಮಾಣದ ಔಷಧಿಯು ಅತಿಯಾಗಿ, ರಕ್ತದ ಸಕ್ಕರೆಯು ಕುಸಿದು, ಬೆವರು, ನಡುಕ ಬರುವುದುಂಟು. ಹೊಸ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಂಡೇ ಹೊರಡಿರಿ. ಮೊಣಕಾಲಿಗೆಂದು ಹಿಂದೆ ನುಂಗುತ್ತಿದ್ದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡುವುವಾದುದರಿಂದ ಅಂಗಡಿಯಿಂದ ತಾವೇ ತರಬಾರದು. ಕಬ್ಬಿಣ, ಸುಣ್ಣ, ಬಿ12, ಡಿ ಜೀವಸತ್ತ್ವಗಳನ್ನು ಬಾಳಿನುದ್ದಕ್ಕೂ ಸೇವಿಸಬೇಕಾಗುವುದು. ಮೂರನೆಯ ತಿಂಗಳಿನಿಂದ ಕೂದಲು ಉದುರಬಹುದು. ಬಹುಮಟ್ಟಿಗೆ ಅದು ಮರಳಿ ಬೆಳೆಯುವುದು. ಮಗುವನ್ನು ಬಯಸುವ ಹೆಂಗಸರು ಒಂದು ಒಂದೂವರೆ ವರ್ಷ ತಡೆಯತಕ್ಕದ್ದು.

ಕೊನೆಗೆ ತಾಯಿಯವರಿಗೆ ಎರಡು ಮಾತು. ಅಮ್ಮಾ, ಹೊಟ್ಟೆ ಕಿರಿದಾದರೂ ಬದುಕು ಕಿರಿದಾಗದು. ಈ ಚಿಕಿತ್ಸೆಯಲ್ಲಿ ಅಪಾಯವೇ ಇಲ್ಲವೆಂದು ನಾವು ಹೇಳಲಾರೆವು. ಸಿಹಿಮೂತ್ರದೊಡನೆ ಮಿತಿಮೀರಿದ ಭಾರವನ್ನು ಹೊತ್ತು ವರ್ಷಗಳನ್ನು ಕಳೆಯುವುದರಲ್ಲಿಯೂ ಅಪಾಯವಿಲ್ಲದಿಲ್ಲ. ಶಸ್ತ್ರವೈದ್ಯರ ಕೆಲಸ ಒಂದೆರಡು ಗಂಟೆಗಳದು. ಉಳಿದ ಕೆಲಸ ನಿಮ್ಮ ಅಡಿಗೆಮನೆಯದು. ಮಗನು ತಟ್ಟೆ ತುಂಬ ಉಂಡುದನ್ನು ಕಂಡು ಹಿಗ್ಗಿದ ನಿಮ್ಮ ಕಣ್ಣುಗಳು ಸೊಸೆಯು ಸಣ್ಣ ಬಟ್ಟಲಿನ ಬೇಳೆಕಟ್ಟನ್ನು ನಿಧಾನವಾಗಿ ಮುಗಿಸಿದುದನ್ನು ಕಂಡೂ ಹಿಗ್ಗಲಿ. "ಇನ್ನೊಂದು ತುತ್ತು" ಎನ್ನದೆ, "ಸಾಕೇನಮ್ಮಾ?" ಎಂದು ನೀವು ಕೇಳಿದ ದಿನ ಆಕೆಯ ಅರ್ಧ ಪಥ್ಯವು ನಡೆದಂತೆಯೇ ಸರಿ.