ಪಂಕ್ಚರ್ ಆಗದ ಟೈರೇ ಒಳ್ಳೆಯದಾ? ಮೊಬಿಲಿಟಿ ಸ್ಕೂಟರ್ ಕೊಳ್ಳುವ ಮುನ್ನ ಓದಿ

ನಡೆಯಲು ಕಷ್ಟಪಡುವ ಹಿರಿಯರಿಗೆ ಬ್ಯಾಟರಿಯಿಂದ ಓಡುವ ಮೊಬಿಲಿಟಿ ಸ್ಕೂಟರ್ ಕೊಡಿಸಬೇಕೆಂದರೆ ಸಾಮಾನ್ಯವಾಗಿ ಸಿಗುವ ಸಲಹೆ ಇದು: ‘ಗಟ್ಟಿ ರಬ್ಬರ್ ಟೈರ್ ಇರುವುದನ್ನೇ ತಗೊಳ್ಳಿ, ಪಂಕ್ಚರ್ ತಲೆನೋವೇ ಇರಲ್ಲ.’ ಇದು ಅರ್ಧ ಸತ್ಯ.

ಗಟ್ಟಿ ಟೈರ್ ಪಂಕ್ಚರ್ ಆಗುವುದಿಲ್ಲ, ಸರಿ. ಆದರೆ ರಸ್ತೆಯ ಕುಲುಕಾಟವನ್ನು ಅದು ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಅದೆಲ್ಲ ಸೀಟಿಗೆ, ಅಲ್ಲಿಂದ ಕೂತವರ ಬೆನ್ನಿಗೆ ಬರುತ್ತದೆ. ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟ್‌ನಲ್ಲಿ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರ್ ಮಾಡಿ, 1888ರಲ್ಲಿ ಪೇಟೆಂಟ್ ಪಡೆದದ್ದು ಈ ಕುಲುಕಾಟ ತಪ್ಪಿಸಲಿಕ್ಕೇ. ಮನೆ, ಅಪಾರ್ಟ್‌ಮೆಂಟ್, ಮಾಲ್‌ಗಳ ನುಣುಪು ನೆಲದಲ್ಲಷ್ಟೇ ಓಡಾಡುವವರಿಗೆ ಗಟ್ಟಿ ಟೈರ್ ಸಾಕು. ಬೆನ್ನುನೋವಿದ್ದು, ಕಿತ್ತುಹೋದ ರಸ್ತೆಯಲ್ಲೂ ಹೋಗಬೇಕಾದವರಿಗೆ ಗಾಳಿ ಟೈರೇ ಹಿತ. ಒಳಗೆ ಫೋಮ್ ತುಂಬಿದ್ದು ಇವೆರಡರ ನಡುವಿನದು, ತೂಕ ಮಾತ್ರ ಗಾಳಿ ಟೈರಿಗಿಂತ ಹೆಚ್ಚು.

ಆದರೆ ಟೈರಿಗಿಂತ ಮೊದಲು ನೋಡಬೇಕಾದದ್ದು ಚಕ್ರದ ಎತ್ತರ. ಹೆಚ್ಚಿನ ಸ್ಕೂಟರ್‌ಗಳಲ್ಲಿ ಮೋಟಾರ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಮುಂದಿನದು ತಳ್ಳಿಸಿಕೊಂಡು ಹೋಗುತ್ತದೆ ಅಷ್ಟೇ. 2 ಇಂಚಿನ ಅಂಚನ್ನು ಹತ್ತಲು 8 ಇಂಚಿನ ಚಕ್ರಕ್ಕೆ ಅದರ ಮೇಲಿನ ಭಾರದ ಸುಮಾರು 1.7 ಪಟ್ಟು ತಳ್ಳುವ ಬಲ ಬೇಕು, 12 ಇಂಚಿನದಕ್ಕೆ 1.1 ಪಟ್ಟು ಸಾಕು. ಅಂಚು ಚಕ್ರದ ನಡುವಿನ ಅಚ್ಚಿನಷ್ಟೇ ಎತ್ತರವಿದ್ದರೆ, ಹಿಂದಿನಿಂದ ಎಷ್ಟು ತಳ್ಳಿದರೂ ಹತ್ತದು. ನಮ್ಮ ಫುಟ್‌ಪಾತ್‌ಗಳ ಎತ್ತರ ನೆನಪಿಸಿಕೊಳ್ಳಿ! ಹಾಗಂತ ಇರುವ ಸ್ಕೂಟರ್‌ಗೆ ದೊಡ್ಡ ಚಕ್ರ ಹಾಕಿಸಬೇಡಿ. ಸೀಟು ಎತ್ತರವಾಗಿ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ.

ಬದಲಿ ಟೈರ್ ಕೊಳ್ಳುವಾಗ ಹಳೆಯದರ ಮೇಲಿನ ಅಂಕಿ ನೋಡಿ. 3.00-4 ಎಂದಿದ್ದರೆ ಅಗಲ 3 ಇಂಚು, ರಿಮ್ 4 ಇಂಚು, ಒಟ್ಟು ಎತ್ತರ ಸುಮಾರು 10 ಇಂಚು. ಬೂದು ಬಣ್ಣದ್ದು ಕಳಪೆಯಲ್ಲ. ನೆಲದಲ್ಲಿ ಕಪ್ಪು ಗೆರೆ ಬೀಳದಿರಲೆಂದು ಅದಕ್ಕೆ ಇಂಗಾಲದ ಕಪ್ಪು ಪುಡಿ ಹಾಕಿರುವುದಿಲ್ಲ.

ಗಾಳಿ ಟೈರ್ ಆರಿಸಿದರೆ ಪಂಕ್ಚರ್ ಅಂಗಡಿಯವರಿಗೆ ಒಂದು ಮಾತು ಹೇಳಲೇಬೇಕು. ಈ ಚಕ್ರಗಳ ರಿಮ್ ಅನೇಕ ಸಲ ಎರಡು ಹೋಳಾಗಿದ್ದು, ಬೋಲ್ಟ್‌ಗಳಿಂದ ಜೋಡಿಸಿರುತ್ತದೆ. ಗಾಳಿ ಪೂರ್ತಿ ಬಿಡದೆ ಆ ಬೋಲ್ಟ್ ಬಿಚ್ಚಿದರೆ ಹೋಳುಗಳು ಸಿಡಿದು ಗಾಯವಾಗಬಹುದು. ಗಾಳಿ ತುಂಬಿಸುವಾಗಲೂ ನಿಧಾನ: ಟ್ಯೂಬ್ ಚಿಕ್ಕದು, ಕಂಪ್ರೆಸರ್ ಹಿಡಿದರೆ ಕೆಲವೇ ಕ್ಷಣಗಳಲ್ಲಿ ಮಿತಿ ಮೀರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಪಿಎಸ್‌ಐ ಗರಿಷ್ಠ ಮಿತಿ. ಎಷ್ಟು ತುಂಬಬೇಕೆಂಬುದು ಸ್ಕೂಟರ್ ಜೊತೆ ಬಂದ ಪುಸ್ತಿಕೆಯಲ್ಲಿರುತ್ತದೆ.