"ವಯಸ್ಸಾಯ್ತು" ಅನ್ನೋದು ಕಾಯಿಲೆಯ ಹೆಸರಲ್ಲ



ಉದ್ದ ಆಗ್ತದ, ಬೇಜಾರು ಮಾಡ್ಕೋಬ್ಯಾಡ್ರಿ. ಮನೆಯಾಗ ಅರವತ್ತು ದಾಟಿದ ಹಿರಿಯರು ಇದ್ದವರು ಮಾತ್ರ ಇವತ್ತೇ ಓದ್ರಿ.

ನಮ್ಮವ್ವ ಜಾಲಹಳ್ಳಿ ಸೀಮೆಯ ಹೊಲಗಳಲ್ಲಿ ನಲವತ್ತು ವರ್ಷ ಹತ್ತಿ ಬಿಡಿಸಿದಾಕಿ. ಎರಡು ವರ್ಷದ ಹಿಂದೆ ಪಾದ ಜೋಮು ಹಿಡಿಯೋಕೆ ಶುರುವಾಯ್ತು. ಆಮೇಲೆ ಕಾಲಿಂದ ಚಪ್ಪಲಿ ಜಾರಿದ್ದೂ ಗೊತ್ತಾಗ್ತಿರಲಿಲ್ಲ. ಕಾಲು ಕಟ್ಟಿಗೆಯಂಗ ಬಿಗಿದವು. ಹಿಂದೆ ತಿರುಗಿ ನೋಡಬೇಕಂದ್ರ ಇಡೀ ಮೈ ತಿರುಗಿಸಬೇಕು. ರೊಟ್ಟಿ ಬಡಿಯೋ ಕೈ ನಿಧಾನ ಆಯ್ತು.

ಒಂದು ಕಡೆ ತೋರಿಸಿದ್ವಿ: "ವಯಸ್ಸಾಗ್ಯಾದ, ವಾಯು." ಸಲೈನ್, ಸೂಜಿ, ಶಕ್ತಿ ಗುಳಿಗೆ. ಇನ್ನೊಂದು ಕಡೆ "ಮಂಡಿ ಸವೆದಾವ" ಅಂದರು. ಮೂರನೇ ಕಡೆ ಡಾಕ್ಟರು ನನ್ನ ಮುಖ ನೋಡಿ, "ಮನಸ್ಸಿಗೆ ಏನಾದರೂ ಹಚ್ಚಿಕೊಂಡಾರೇನು?" ಅಂತ ಕೇಳಿದರು. ಅವ್ವ ಎದುರಿಗೇ ಕುಂತಿದ್ದಳು. ಆಕಿಯನ್ನ ಕೇಳಲಿಲ್ಲ.

"ಬೇರೆ ಕಡೆ ತೋರಿಸ್ತೀವಿ, ಕಾಗದ ಕೊಡ್ರಿ ಸರ್" ಅಂದೆ. "ನಂಬಿಕೆ ಇಲ್ಲಾಂದ್ರ ಇಲ್ಲಿಗ್ಯಾಕ ಬಂದ್ರಿ?" ಅಂದರು. ಹೊರಗೆ ಬಂದ ಮ್ಯಾಲೆ ಅವ್ವ ನನಗೇ ಬೈದಳು: "ದೊಡ್ಡವರಿಗೆ ಎದುರು ಮಾತಾಡಬ್ಯಾಡ."

ನನ್ನ ಜಗಳ ಇರೋದೇ ಈ ಮಾತಿನ ಜೊತೆ. ಊರ ಸಾಹುಕಾರರ ಮನೆಯ ಹಿರಿಯರಿಗೆ ಕೈ ನಡುಗಿದರೆ ಫೈಲು ಹಿಡಿದು ಹೈದರಾಬಾದಿಗೆ ಹೋಗ್ತಾರೆ, ಅಲ್ಲಿಂದ ಬೆಂಗಳೂರಿಗೆ ಹೋಗ್ತಾರೆ. ಅದಕ್ಕೆ ಯಾರೂ ಅಪನಂಬಿಕೆ ಅನ್ನಲ್ಲ, ಜವಾಬ್ದಾರಿ ಅಂತಾರೆ. ನಾವು ಕೇಳಿದರೆ ಸೊಕ್ಕು. ಗೌಡರ ಅಂಗಳದಾಗ ಕೈಕಟ್ಟಿ ನಿಂತ ಅಭ್ಯಾಸವನ್ನ ನಮ್ಮ ಹಿರಿಯರು ಡಾಕ್ಟರ ಟೇಬಲ್‌ತನಕ ಹೊತ್ಕೊಂಡು ಹೋಗ್ತಾರೆ. ಅದು ಅವರ ತಪ್ಪಲ್ಲ. ಆದರೆ ವೇದಿಕೆ ಮೇಲೆ ಗಂಟೆಗಟ್ಟಲೆ ಹಕ್ಕಿನ ಭಾಷಣ ಮಾಡೋ ನಾನೂ ಮೊದಲ ಆರು ತಿಂಗಳು "ವಯಸ್ಸಾಯ್ತಲ್ಲವ್ವ" ಅಂದುಕೊಂಡೇ ಸುಮ್ಮನಿದ್ದೆ. ಬೈಯೋದಾದ್ರ ಮೊದಲು ನನಗೆ ಬೈಬೇಕು.

ಎರಡನೇ ಅಭಿಪ್ರಾಯ ಪಡೆಯೋದು ರೋಗಿಯ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನ 17 ಹಕ್ಕುಗಳಲ್ಲಿ ಇದೂ ಒಂದು. ಇನ್ನು ಕಾಗದದ ಮಾತು. ವೈದ್ಯರ ನಡವಳಿಕೆ ಬಗ್ಗೆ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲೇ ಮಾಡಿದ ನಿಯಮದ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ನಾನು ಗುಮಾಸ್ತ, ಬಾಯಿಮಾತಿಗೆ ಎಷ್ಟು ಬೆಲೆ ಅಂತ ಗೊತ್ತು. ನಾಲ್ಕು ಸಾಲು ಅರ್ಜಿ ಬರೆದು, ಇನ್ನೊಂದು ಪ್ರತಿ ಮೇಲೆ ಸಹಿ-ಸೀಲು ಹಾಕಿಸಿಕೊಂಡೆ. ಎರಡೇ ದಿನಕ್ಕೆ ಕಾಗದ ಬಂದವು.

ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದ್ವಿ. ಅಲ್ಲಿ ನರರೋಗದ ಡಾಕ್ಟರು, ಸಣ್ಣ ವಯಸ್ಸಿನ ಹೆಣ್ಣುಮಗಳು, ಅವ್ವನ ಪಾದ ತನ್ನ ಕೈಯಾಗ ಹಿಡಿದು ಅಂಗಾಲು ಗೀರಿದಳು. ಹೆಬ್ಬೆರಳು ಮ್ಯಾಲಕ್ಕೆ ಎದ್ದಿತು. ಸುತ್ತಿಗೆಯಿಂದ ಮಂಡಿ ತಟ್ಟಿದಳು. ಕಣ್ಣು ಮುಚ್ಚಿ ನಿಲ್ಲಿಸಿದಳು, ನಡೆಸಿ ನೋಡಿದಳು. ಹತ್ತು ನಿಮಿಷ ಹಿಡಿದಿರಬಹುದು. ಎರಡು ವರ್ಷದಾಗ ಅವ್ವನ ಪಾದ ಮುಟ್ಟಿ ನೋಡಿದ ಮೊದಲ ಡಾಕ್ಟರು ಅವರು. ಉಳಿದವರು ಜಾತಿ ನೋಡಿ ಮುಟ್ಟಲಿಲ್ಲ ಅಂತ ನಾನು ಆಣೆ ಮಾಡಿ ಹೇಳಲಾರೆ. ಕ್ಯೂ ದೊಡ್ಡದಿತ್ತು, ಅದೂ ನಿಜ. ಆದರೆ ನರದ ಕಾಯಿಲೆ ಮುಟ್ಟದೆ ಗೊತ್ತಾಗಲ್ಲ ಬಂಧುಗಳೇ, ಮತ್ತು ಮುಟ್ಟದೆ ಕಳಿಸೋದು ಯಾರನ್ನ ಅಂತ ನಮಗೆ ಗೊತ್ತದ.

"ಊರಾಗ ಯಾವ ನೀರು ಕುಡಿತೀರಿ? ಮಕ್ಕಳ ಹಲ್ಲು ಹೆಂಗಿವೆ?" ಅಂತ ಕೇಳಿದರು. ನನ್ನ ಮಗನ ಹಲ್ಲಿನ ಮೇಲಿರೋ ಕಂದು ಗೆರೆ ನೆನಪಾಯ್ತು. ಎಂ.ಆರ್.ಐ. ಆಯ್ತು. ವರ್ಷಗಟ್ಟಲೆ ಫ್ಲೋರೈಡ್ ನೀರು ಕುಡಿದು ಕುತ್ತಿಗೆ ಎಲುಬು ದಪ್ಪಾಗಿ, ಎಲುಬಿಗೆ ಅಂಟಿದ ನಾರು ಗಟ್ಟಿಯಾಗಿ ಬೆನ್ನುಹುರಿಯನ್ನ ಒತ್ತಿದ್ದವು. ರಾಯಚೂರು ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರೋದು ಇವತ್ತಿನ ಸುದ್ದಿಯಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋ ಮಿತಿ ಪುಸ್ತಕದಾಗ ಅದ. ಕಾಯಿಸಿದರೆ ಹೋಗೋ ವಿಷವೂ ಅಲ್ಲ ಅದು. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ನಡೆದದ್ದು ನೀರಿಗಾಗಿ. ಇವತ್ತು ನಮ್ಮ ಓಣಿಗೆ ಬೋರ್‌ವೆಲ್ ಕೊಟ್ಟಾರ, ಶುದ್ಧ ನೀರಿನ ಘಟಕಕ್ಕೆ ಬೀಗ ಹಾಕ್ಯಾರ.

ಜೋಮು ಬಂದವರಿಗೆಲ್ಲ ಫ್ಲೋರೈಡೇ ಕಾರಣ ಅಂತ ತಿಳ್ಕೋಬ್ಯಾಡ್ರಿ. ಸಕ್ಕರೆ ಕಾಯಿಲೆ, ಬಿ12 ಕೊರತೆ, ಥೈರಾಯ್ಡ್, ಏನೂ ಇರಬಹುದು. ಹಿರಿಯರು ಬಿದ್ದು ಕೆಲವು ವಾರದ ಮ್ಯಾಲೆ ಮರೆವು, ತೂಗಾಟ ಶುರುವಾದ್ರ ತಲೆಯೊಳಗೆ ರಕ್ತ ಕಟ್ಟಿರಬಹುದು, ತಡ ಮಾಡಬ್ಯಾಡ್ರಿ. ಇವುಗಳಿಗೆಲ್ಲ ಚಿಕಿತ್ಸೆ ಅದ. ಎರಡನೇ ಡಾಕ್ಟರು ಮೊದಲನೆಯವರ ಮಾತನ್ನೇ ಹೇಳಿದರೂ ನಷ್ಟ ಇಲ್ಲ, ಚಿಂತೆ ಒಂದು ಕಡಿಮೆ ಆಗ್ತದ.

ಆದರೆ ಒಂದು ಎರಡನೇ ಅಭಿಪ್ರಾಯಕ್ಕೆ ದೇವದುರ್ಗದ ಕೂಲಿಕಾರ್ತಿ ರಾಜಧಾನಿಗೇ ಯಾಕ ಹೋಗಬೇಕು? 2002ರಲ್ಲೇ ನಂಜುಂಡಪ್ಪ ಸಮಿತಿ ನಮ್ಮ ತಾಲೂಕನ್ನ ಅತ್ಯಂತ ಹಿಂದುಳಿದದ್ದು ಅಂತ ಬರೆದಿಟ್ಟಿತು. 371(ಜೆ) ಬಂತು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಧರಣಿ ಕುಂತರು. ಆ ಹೋರಾಟ ಬರೀ ಕಟ್ಟಡಕ್ಕಲ್ಲ, ನಮ್ಮವ್ವನ ಅಂಗಾಲು ಗೀರಿ ನೋಡೋ ಒಂದು ಕೈಗಾಗಿ.

ಆಪರೇಷನ್ ಆಗ್ಯಾದ. ಅವ್ವ ವಾಕರ್ ಹಿಡಿದು ಬಾಗಿಲತನಕ ಬರ್ತಾಳ. ಮೊದಲೇ ಬಂದಿದ್ರ ಇನ್ನೂ ಚೆನ್ನಾಗಿ ನಡೀತಿದ್ರು ಅಂದರು ಡಾಕ್ಟರು.

ಈ ಭಾನುವಾರ ನಮ್ಮ ಓಣಿಯ ಬೋರ್‌ವೆಲ್ ನೀರು ಬಾಟಲಿಗೆ ಹಿಡಿದು, ಸೋಮವಾರ ಪರೀಕ್ಷೆಗೆ ಅರ್ಜಿ ಸಮೇತ ಕೊಡ್ತೀವಿ. ನಿಮ್ಮ ಓಣಿಯ ನೀರೂ ತರ್ರಿ. ಆಸ್ಪತ್ರೆಯಿಂದ ಕಾಗದ ಕೇಳೋ ಅರ್ಜಿಯ ನಮೂನೆ ಬೇಕಾದವರು ಕಾಮೆಂಟ್‌ನಲ್ಲಿ ಬರೀರಿ, ಕಳಿಸ್ತೀನಿ.